ಬ್ರೊಕೊಲಿಯ ಗುಣ ಅಡುಗೆಯವರ ಕೈಯಲ್ಲಿದೆ

ಬ್ರೊಕೊಲಿಯನ್ನು ಹಾಡಿ ಹೊಗಳುವವರೆಲ್ಲ ಸಲ್ಫೊರಾಫೇನ್ ಹೆಸರು ಹೇಳುತ್ತಾರೆ. ಆದರೆ ಅಂಗಡಿಯಿಂದ ತಂದ ಇಡೀ ಹೂವಿನಲ್ಲಿ ಆ ವಸ್ತು ಹೆಚ್ಚುಕಡಿಮೆ ಇರುವುದೇ ಇಲ್ಲ. ಅಲ್ಲಿರುವುದು ಗ್ಲೂಕೊರಾಫನಿನ್ ಎಂಬ ಅದರ ಪೂರ್ವರೂಪ. ಅದನ್ನು ಒಡೆಯಬಲ್ಲ ಮೈರೊಸಿನೇಸ್ ಎಂಬ ಕಿಣ್ವವೂ ಅದೇ ಗಿಡದಲ್ಲಿದೆ, ಆದರೆ ಬೇರೆಯಾಗಿ. ಹುಳು ಕಚ್ಚಿದಾಗ, ನಾವು ಹೆಚ್ಚಿದಾಗ ಅಥವಾ ಅಗಿದಾಗ ಎರಡೂ ಬೆರೆತು ಸಲ್ಫೊರಾಫೇನ್ ಹುಟ್ಟುತ್ತದೆ. ಗಿಡಕ್ಕೆ ಅದು ಕೀಟಗಳನ್ನು ದೂರವಿಡುವ ಉಪಾಯ. ಈ ಕಿಣ್ವ ಬಿಸಿಯನ್ನು ತಾಳದು. ಕುದಿಯುವ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ ನೀರು ಬಸಿದರೆ ಕಿಣ್ವ ನಾಶವಾಗುತ್ತದೆ, ಗ್ಲೂಕೊರಾಫನಿನ್ ಮತ್ತು ಸಿ ಜೀವಸತ್ವದ ದೊಡ್ಡ ಪಾಲು ಬಸಿದ ನೀರಿನೊಂದಿಗೆ ಹೋಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಉಳಿದದ್ದರಲ್ಲಿ ಸ್ವಲ್ಪವನ್ನು ಪರಿವರ್ತಿಸುತ್ತವೆ ನಿಜ, ಆದರೆ ಆ ಪ್ರಮಾಣ ಕಡಿಮೆ, ಒಬ್ಬರಿಂದೊಬ್ಬರಿಗೆ ಬೇರೆ. ಹಾಗಾಗಿ ದುಬಾರಿ ತರಕಾರಿ ಕೊಳ್ಳುವುದಕ್ಕಿಂತ ಅದನ್ನು ಹೇಗೆ ಬೇಯಿಸುತ್ತೇವೆ ಎಂಬುದೇ ಮುಖ್ಯ ಎಂದು ನಾನು ವಾದಿಸುತ್ತೇನೆ.

ಇದೆಲ್ಲ ಪ್ರಯೋಗಾಲಯದ ಉತ್ಸಾಹ ಎನ್ನುವವರಿದ್ದಾರೆ. ಆ ಅನುಮಾನ ನ್ಯಾಯವಾದದ್ದೇ. ದೇಹದ ವಿಷನಿವಾರಕ ಕಿಣ್ವಗಳನ್ನು ಸಲ್ಫೊರಾಫೇನ್ ಚುರುಕುಗೊಳಿಸುತ್ತದೆ ಎಂದು 1992ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೆ ತಂಡ ತೋರಿಸಿತು. ಮೂರು ದಿನದ ಮೊಳಕೆಗಳಲ್ಲಿ ಗ್ಲೂಕೊರಾಫನಿನ್ ಬಲಿತ ಹೂವಿಗಿಂತ 10ರಿಂದ 100 ಪಟ್ಟು ಹೆಚ್ಚಿರುತ್ತದೆ ಎಂದು 1997ರಲ್ಲಿ ಅದೇ ತಂಡ ಕಂಡುಕೊಂಡಿತು. ಚೀನಾದ ಕಿದೊಂಗ್‌ನಲ್ಲಿ 12 ವಾರ ಮೊಳಕೆಯ ಪಾನೀಯ ಕುಡಿದವರ ಮೂತ್ರದಲ್ಲಿ ಬೆಂಜೀನ್ ವಿಸರ್ಜನೆ ಶೇ. 61ರಷ್ಟು ಏರಿದ ವರದಿ 2014ರಲ್ಲಿ ಬಂತು. ಆದರೆ ಅದು ಸಾಂದ್ರ ಪಾನೀಯ, ತಟ್ಟೆಯಲ್ಲಿನ ಪಲ್ಯವಲ್ಲ. ವಿಷಾಂಶ ಹೆಚ್ಚು ಹೊರಹೋದದ್ದು ಕಾಯಿಲೆ ಕಡಿಮೆಯಾದದ್ದಕ್ಕೆ ಪುರಾವೆಯೂ ಅಲ್ಲ. ಬ್ರೊಕೊಲಿ ಕ್ಯಾನ್ಸರ್ ತಡೆಯುತ್ತದೆ ಎಂದು ಮಾತ್ರೆ ಮಾರುವುದನ್ನು ನಾನು ಒಪ್ಪಲಾರೆ; ತರಕಾರಿಯಾಗಿ ಅದು ಒಳ್ಳೆಯದು ಎನ್ನಲು ಅಷ್ಟು ದೊಡ್ಡ ಮಾತು ಬೇಕಿಲ್ಲ. 100 ಗ್ರಾಂ ಹಸಿ ಹೂವಿನಲ್ಲಿ ಸುಮಾರು 90 ಮಿಲಿಗ್ರಾಂ ಸಿ ಜೀವಸತ್ವವಿದೆ, ನಾರು, ಫೋಲೇಟ್, ಕೆ ಜೀವಸತ್ವಗಳೂ ಇವೆ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಔಷಧಿ ತೆಗೆದುಕೊಳ್ಳುವವರು ಮಾತ್ರ ಕೆ ಜೀವಸತ್ವದ ಪ್ರಮಾಣ ದಿಢೀರನೆ ಏರಿಳಿಯದಂತೆ ನೋಡಿಕೊಳ್ಳಬೇಕು. ಥೈರಾಯ್ಡ್ ಭಯದಿಂದ ಇದನ್ನು ಬಿಟ್ಟವರೂ ಇದ್ದಾರೆ. ಅಯೋಡಿನ್ ಕೊರತೆಯಿಲ್ಲದವರು ಊಟದಲ್ಲಿ ಹಿತಮಿತವಾಗಿ ತಿಂದರೆ ಹೆದರಬೇಕಿಲ್ಲ.

ಬೆಲೆಯ ಆಕ್ಷೇಪವನ್ನು ನಾನು ಗಂಭೀರವಾಗಿ ಪರಿಗಣಿಸುತ್ತೇನೆ. ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಎಲ್ಲವೂ ಇದೇ ಸಸ್ಯ ಕುಟುಂಬದವು. ಅವುಗಳ ಗಂಧಕಯುಕ್ತ ಸಂಯುಕ್ತಗಳು ಬೇರೆ, ಆದ್ದರಿಂದ ಸಲ್ಫೊರಾಫೇನ್ ಲೆಕ್ಕದಲ್ಲಿ ಅವು ಬ್ರೊಕೊಲಿಗೆ ಸಮವಲ್ಲ. ಆದರೆ ನಾರು, ಸಿ ಜೀವಸತ್ವಗಳ ಮಟ್ಟಿಗೆ ಅಗ್ಗದ ಕೋಸನ್ನು ಕೀಳಾಗಿ ಕಾಣುವಂತಿಲ್ಲ. ಬ್ರೊಕೊಲಿ ಕೊಂಡವರು ಹೆಚ್ಚಿ ಮುಕ್ಕಾಲು ಗಂಟೆ ಹಾಗೆಯೇ ಬಿಟ್ಟು, ಬಳಿಕ ಮೂರ್ನಾಲ್ಕು ನಿಮಿಷ ಹಬೆಯಲ್ಲಿ ಬೇಯಿಸಲಿ. ಅಷ್ಟು ಕಾಯಲಾಗದವರಿಗೆ ನಮ್ಮ ಸಾಸಿವೆಯೇ ಇದೆ. ಅದರಲ್ಲಿಯೂ ಮೈರೊಸಿನೇಸ್ ಇದೆ. ಬೆಂದ 200 ಗ್ರಾಂ ಬ್ರೊಕೊಲಿಗೆ ಒಂದು ಗ್ರಾಂ ಸಾಸಿವೆ ಪುಡಿ ಬೆರೆಸಿದಾಗ ದೇಹಕ್ಕೆ ಸಿಕ್ಕ ಸಲ್ಫೊರಾಫೇನ್ ನಾಲ್ಕು ಪಟ್ಟಿಗಿಂತ ಹೆಚ್ಚಾದದ್ದು 2018ರ ಅಧ್ಯಯನವೊಂದರಲ್ಲಿ ಕಂಡಿದೆ. ಪಾಲ್ಗೊಂಡವರು ಹನ್ನೆರಡೇ ಮಂದಿ ಎಂಬುದನ್ನೂ ಹೇಳಬೇಕು. ಕಾದ ಎಣ್ಣೆಯಲ್ಲಿ ಸಿಡಿಸಿದ ಒಗ್ಗರಣೆ ಸಾಸಿವೆಯಿಂದ ಈ ಕೆಲಸ ಆಗದು. ತೆಂಗಿನಕಾಯಿಯ ಜೊತೆ ಹಸಿ ಸಾಸಿವೆ ರುಬ್ಬಿ, ಒಲೆಯಿಂದ ಇಳಿಸಿದ ಪಲ್ಯ ಆರುತ್ತಾ ಬಂದಾಗ ಕಲಸಬೇಕು.