ಕಲ್ಲನ್ನು ಓದುವ ವಿದ್ಯೆ

ಮೈಸೂರಿನ ಒಂದು ಮನೆಯಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ಸಣ್ಣದೊಂದು ವಾಗ್ವಾದ ಹುಟ್ಟಿತು. ಭೂವಿಜ್ಞಾನದಲ್ಲಿ ಬಿ.ಎಸ್‌ಸಿ. ಮುಗಿಸಿದ್ದ ಮಗಳು, ಮುಂದೆ ಕಲೆಯ ಇತಿಹಾಸದಲ್ಲಿ ಎಂ.ಎ. ಓದುವೆನೆಂದು ತಿಳಿಸಿದಳು. ತಂದೆ ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿ ಕೆಳಗಿಟ್ಟರು.

“ಅಲ್ಲಮ್ಮಾ, ನಿನಗೆ ನೆಟ್ಟಗೆ ಒಂದು ರಂಗೋಲಿ ಬಿಡಿಸಲು ಬಾರದು. ಚಿತ್ರಕಲೆಯಲ್ಲಿ ಎಂ.ಎ. ಹೇಗೆ ಮಾಡುತ್ತೀ?”

“ಚಿತ್ರ ಬರೆಯುವುದಕ್ಕಲ್ಲ ಅಪ್ಪಾ, ಬರೆದಿರುವುದನ್ನು ಓದುವುದಕ್ಕೆ.”

“ಓದಿದ ಮೇಲೆ?” ಎಂದು ಅಡಿಗೆಮನೆಯಿಂದ ತಾಯಿಯ ದನಿ ಬಂದಿತು.

ಮೇಲ್ನೋಟಕ್ಕೆ ವಿನೋದವಾಗಿ ತೋರುವ ಈ ಸಂವಾದದಲ್ಲಿ ಮೂರು ಗಂಭೀರ ಪ್ರಶ್ನೆಗಳು ಅಡಗಿವೆ. ಈ ವಿದ್ಯೆ ಯಾವುದು? ಬೇರೆ ವಿಷಯ ಓದಿದವರಿಗೆ ಇದರ ಬಾಗಿಲು ತೆರೆಯುವುದೇ? ಎರಡು ವರ್ಷಗಳ ಆಯುಸ್ಸನ್ನೂ ಮನೆಯ ಹಣವನ್ನೂ ಇದಕ್ಕೆ ವೆಚ್ಚಮಾಡುವ ಮೊದಲು ಏನೇನು ಯೋಚಿಸಬೇಕು?

ಕಲೆಯನ್ನು ಅಭ್ಯಾಸಮಾಡುವುದು ಬೇರೆ, ಕಲೆಯ ಇತಿಹಾಸವನ್ನು ಅಭ್ಯಾಸಮಾಡುವುದು ಬೇರೆ. ಸಾಹಿತ್ಯದ ವಿಮರ್ಶಕನು ಕವಿಯಾಗಿರಲೇಬೇಕೆಂಬ ನಿಯಮವಿಲ್ಲ. ಅಂತೆಯೇ ಕಲೆಯ ಇತಿಹಾಸಕಾರನ ಕೈಯಲ್ಲಿ ಕುಂಚವಿರಬೇಕಾಗಿಲ್ಲ, ಕಣ್ಣಿನಲ್ಲಿ ಶಿಕ್ಷಣವಿರಬೇಕು. ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ 1852ರಷ್ಟು ಹಿಂದೆಯೇ ರುಡಾಲ್ಫ್ ಐಟೆಲ್‌ಬರ್ಗರ್ ಈ ವಿಷಯದ ಪ್ರಾಧ್ಯಾಪಕರಾದರು. ಅದೇ ವಿಯೆನ್ನಾದಲ್ಲಿ ಓದಿದ ಸ್ಟೆಲ್ಲಾ ಕ್ರಾಮ್ರಿಶ್ ರವೀಂದ್ರನಾಥ ಠಾಕೂರರ ಆಹ್ವಾನದ ಮೇರೆಗೆ ಶಾಂತಿನಿಕೇತನಕ್ಕೆ ಬಂದು, ಬಳಿಕ 1950ರವರೆಗೆ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಭಾರತೀಯ ಕಲೆಯನ್ನು ಬೋಧಿಸಿದರು. ಹಿಂದೂ ದೇವಾಲಯವನ್ನು ಕುರಿತ ಅವರ ಎರಡು ಸಂಪುಟಗಳ ಗ್ರಂಥ 1946ರಲ್ಲಿ ಪ್ರಕಟವಾಯಿತು.

ವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಏನು ಕೆಲಸವೆಂದು ಕೇಳುವವರು ಆನಂದ ಕುಮಾರಸ್ವಾಮಿಯವರನ್ನು ನೆನೆಯಬಹುದು. ಭಾರತೀಯ ಕಲೆಯ ಅರ್ಥವನ್ನು ಲೋಕಕ್ಕೆ ತಿಳಿಸಿದ ಈ ಮಹನೀಯರು ಮೊದಲು ಓದಿದ್ದು ಭೂವಿಜ್ಞಾನವನ್ನೇ. ಸಿಂಹಳದಲ್ಲಿ ಖನಿಜಗಳ ಸಮೀಕ್ಷೆಯ ಮುಖ್ಯಸ್ಥರಾಗಿದ್ದವರು ಹಳ್ಳಿಹಳ್ಳಿ ತಿರುಗುತ್ತ, ಅಲ್ಲಿನ ಕುಶಲ ಕಲೆಗಳು ನಶಿಸುತ್ತಿರುವುದನ್ನು ಕಂಡು ಆ ಕಡೆಗೆ ಹೊರಳಿದರು. 1917ರಲ್ಲಿ ಅಮೆರಿಕದ ಬಾಸ್ಟನ್ ವಸ್ತುಸಂಗ್ರಹಾಲಯವನ್ನು ಸೇರಿದರು. ಕಲ್ಲಿನ ಗುಣವನ್ನು ಬಲ್ಲವರಿಗೆ ಶಿಲ್ಪದ ಗುಣವೂ ಒಂದು ಮಟ್ಟಿಗೆ ತಿಳಿಯುತ್ತದೆ. ಬಾದಾಮಿಯ ಮರಳುಗಲ್ಲಿಗೆ ಒಪ್ಪುವ ಕೆತ್ತನೆ ಬೇರೆ, ಬೇಲೂರಿನ ಬಳಪದ ಕಲ್ಲಿಗೆ ಒಪ್ಪುವ ಕೆತ್ತನೆ ಬೇರೆ.

ಇನ್ನು ಪ್ರವೇಶದ ಮಾತು. ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ ಎರಡು ವರ್ಷಗಳ ವ್ಯಾಸಂಗ. ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದ ಲಲಿತಕಲಾ ವಿಭಾಗ 1950ರಲ್ಲಿ ಆರಂಭವಾಯಿತು. ಅಲ್ಲಿ ಚಿತ್ರ ಬರೆಯುವವರೂ ಚಿತ್ರದ ಇತಿಹಾಸ ಓದುವವರೂ ಒಂದೇ ಆವರಣದಲ್ಲಿ ಕಲಿಯುತ್ತಾರೆ. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ 2001ರಲ್ಲಿ ಆರಂಭವಾದ ಕಲೆ ಮತ್ತು ಸೌಂದರ್ಯಶಾಸ್ತ್ರದ ವಿಭಾಗದಲ್ಲಿ ದೃಶ್ಯಕಲೆಯ ಜೊತೆಗೆ ರಂಗಭೂಮಿಯನ್ನೂ ಚಲನಚಿತ್ರವನ್ನೂ ಅಭ್ಯಾಸಮಾಡುತ್ತಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿಯೂ ಈ ವಿಷಯಕ್ಕೆ ಸ್ಥಾನವಿದೆ. ಕೆಲವೆಡೆ ಯಾವ ಪದವಿಯಾದರೂ ಸಾಕು. ಕೆಲವೆಡೆ ಕಲಾಪದವಿಗೆ ಪ್ರಾಶಸ್ತ್ಯವುಂಟು. ಆದ್ದರಿಂದ ಪರರ ಮಾತನ್ನು ನಂಬಿ ಅರ್ಜಿ ಹಾಕದೆ, ಆಯಾ ವರ್ಷದ ಪ್ರಕಟಣೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಜಾಣತನ.

ಒಳಗೆ ಕಾಲಿಟ್ಟ ಮೇಲೆ ಎದುರಾಗುವ ಅಗತ್ಯಗಳಲ್ಲಿ ನಾಲ್ಕು ಮುಖ್ಯವಾದವು.

ಮೊದಲನೆಯದು, ಗುರುತಿಸುವ ಶಕ್ತಿ. ತೆರೆಯ ಮೇಲೆ ಒಂದು ಚಿತ್ರ ಮೂಡುತ್ತದೆ. ಅದರ ಹೆಸರು, ಸ್ಥಳ, ಕಾಲ, ದ್ರವ್ಯಗಳನ್ನು ಹೇಳಬೇಕು. ಬಳಿಕ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ಹೀಗೆ ಜೋಡಿಚಿತ್ರಗಳನ್ನು ತೋರಿಸಿ ಪಾಠ ಹೇಳುವ ಪದ್ಧತಿಗೆ ಹೆಸರಾದವರು ಸ್ವಿಟ್ಜರ್ಲೆಂಡಿನ ಹೈನ್ರಿಖ್ ವೋಲ್‌ಫ್ಲಿನ್. ಬಾದಾಮಿಯ ಮೂರನೆಯ ಗುಹೆಯಲ್ಲಿ ಅನಂತನ ಸುರುಳಿಯ ಮೇಲೆ ಕುಳಿತ ವಿಷ್ಣುವನ್ನೂ, ಬೇಲೂರಿನ ಒಬ್ಬ ಮದನಿಕೆಯನ್ನೂ ಹೀಗೆ ಹೋಲಿಸಬಹುದು. ಗುಹೆಯ ಶಾಸನ 578ನೆಯ ಇಸವಿಯದು. ಬೇಲೂರಿನ ದೇವಾಲಯ 1117ರದು. ಒಂದು ವಿಗ್ರಹ ಬೆಟ್ಟದ ಮೈಯಲ್ಲೇ ಮೂಡಿದೆ. ಇನ್ನೊಂದನ್ನು ಬಿಡಿಯಾಗಿ ಕಡೆದು ಕಂಬದ ಮೇಲೆ ಓರೆಯಾಗಿ ನಿಲ್ಲಿಸಿದೆ. “ಎರಡೂ ಸೊಗಸಾಗಿವೆ” ಎಂದು ಬರೆದವನಿಗೆ ಅಂಕ ಬಾರದು. ಏನು ಬದಲಾಯಿತು, ಏಕೆ ಬದಲಾಯಿತು ಎಂಬುದನ್ನು ಹೇಳಬೇಕು.

ಎರಡನೆಯದು, ವಿಸ್ತಾರ. ತನಗೆ ಪ್ರಿಯವಾದ ಒಂದು ಕಾಲವನ್ನೇ ಹಿಡಿದು ಕೂರುವಂತಿಲ್ಲ. ಹೊಯ್ಸಳರನ್ನು ಮೆಚ್ಚಿದವರೂ ಮೊಗಲ್ ಚಿತ್ರಗಳನ್ನು, ಇಟಲಿಯ ಪುನರುಜ್ಜೀವನವನ್ನು, ಇಂದಿನ ಕಲೆಯನ್ನು ಓದಬೇಕಾಗುತ್ತದೆ.

ಮೂರನೆಯದು, ಭಾಷೆ. ಪಶ್ಚಿಮದ ಅನೇಕ ವಿಶ್ವವಿದ್ಯಾನಿಲಯಗಳು ಜರ್ಮನ್ ಅಥವಾ ಫ್ರೆಂಚ್ ಓದಿ ತಿಳಿಯುವ ಸಾಮರ್ಥ್ಯವನ್ನು ಕೇಳುತ್ತವೆ. ಈ ಶಾಸ್ತ್ರದ ಮೂಲಗ್ರಂಥಗಳಲ್ಲಿ ಬಹುಪಾಲು ಆ ಭಾಷೆಗಳಲ್ಲಿರುವುದೇ ಅದಕ್ಕೆ ಕಾರಣ. ಭಾರತೀಯ ಕಲೆಯನ್ನು ಆರಿಸಿಕೊಂಡವರಿಗೆ ಸಂಸ್ಕೃತ, ಪರ್ಷಿಯನ್ ಅಥವಾ ತಮ್ಮ ವಿಷಯಕ್ಕೆ ಹೊಂದುವ ಭಾಷೆ ಬೇಕಾಗುತ್ತದೆ. ನಿಯಮ ಕೇಳದಿದ್ದರೂ ವಿಷಯ ಕೇಳುತ್ತದೆ.

ನಾಲ್ಕನೆಯದು, ಪ್ರಬಂಧ. “ಹೊಯ್ಸಳ ಶಿಲ್ಪ” ಎಂಬುದು ಪ್ರಬಂಧಕ್ಕೆ ವಿಷಯವಾಗಲಾರದು. ಅದು ಒಂದು ಸಮುದ್ರ. ಸೋಮನಾಥಪುರದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು ಹಲವು ವಿಗ್ರಹಗಳ ಕೆಳಗಿದೆ. ನುಗ್ಗೇಹಳ್ಳಿಯ ದೇವಾಲಯದಲ್ಲಿಯೂ ಇದೆ. ಅವೆಲ್ಲ ಒಂದೇ ಕೈಯ ಕೆಲಸವೇ? ಇದು ಪ್ರಬಂಧಕ್ಕೆ ತಕ್ಕ ಪ್ರಶ್ನೆ. ಒಬ್ಬ ವಿದ್ಯಾರ್ಥಿ ಕೆಲವು ತಿಂಗಳುಗಳಲ್ಲಿ ನಿಂತು, ನೋಡಿ, ಅಳೆದು, ಉತ್ತರ ಹುಡುಕಬಹುದಾದಷ್ಟು ಚಿಕ್ಕದು.

ಮಗಳು ಈ ಪ್ರಶ್ನೆಯನ್ನೇ ಹಿಡಿದಿದ್ದಳು. ಮುಂದಿನ ಭಾನುವಾರ ತಂದೆ ತಾವಾಗಿಯೇ, “ನಡೆ, ಆ ನಿನ್ನ ಮಲ್ಲಿತಮ್ಮನನ್ನು ನೋಡಿಬರೋಣ” ಎಂದರು. ಸೋಮನಾಥಪುರದ ಕೇಶವ ದೇವಾಲಯ ಮೂರನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ್ದು. ಬೇಲೂರು, ಹಳೇಬೀಡುಗಳೊಡನೆ ಇದೂ 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಮೂವರೂ ಗೋಡೆಯ ಸುತ್ತ ನಿಧಾನವಾಗಿ ನಡೆದರು. ಒಂದು ವಿಗ್ರಹದ ಪೀಠದಲ್ಲಿ ಸಣ್ಣ ಅಕ್ಷರಗಳು ಕಂಡವು. ಮಗಳು ಬಗ್ಗಿ ನೋಡಿದಳು. ಕನ್ನಡವೇ ಹೌದು, ಆದರೆ ಏಳು ನೂರು ವರ್ಷಗಳಿಗೂ ಹಿಂದಿನ ಕನ್ನಡ ಲಿಪಿ. ಹುಟ್ಟಿದಂದಿನಿಂದ ಆಡಿದ ಭಾಷೆ, ಓದಲು ಬರಲಿಲ್ಲ. ಅವಳ ಮುಖ ಸಣ್ಣಗಾಯಿತು.

ತಂದೆ ಕನ್ನಡಕವನ್ನು ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. ‘ಮ’ಕಾರವೊಂದು ಸಿಕ್ಕಿದಂತಾಯಿತು. ಮುಂದೆ ಅವರಿಗೂ ತಿಳಿಯಲಿಲ್ಲ.

ಹಿಂದಿರುಗುವ ದಾರಿಯಲ್ಲಿ ತಾಯಿ ತಮ್ಮ ಪ್ರಶ್ನೆಯನ್ನು ಮರೆತಿರಲಿಲ್ಲ: “ಓದಿದ ಮೇಲೆ?” ಅದಕ್ಕೆ ಮುಚ್ಚುಮರೆಯಿಲ್ಲದ ಉತ್ತರವೇ ಬೇಕು. ಕಾಲೇಜಿನ ಅಧ್ಯಾಪನ, ವಸ್ತುಸಂಗ್ರಹಾಲಯ, ಕಲಾಶಾಲೆ, ಗ್ರಂಥಪ್ರಕಾಶನ, ಕಲಾಕೃತಿಗಳ ಮಾರಾಟಸಂಸ್ಥೆ ಇವೇ ಇದರ ಕ್ಷೇತ್ರಗಳು. ಅಧ್ಯಾಪನಕ್ಕೆ ಹೋಗುವವರು ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ದೃಶ್ಯಕಲೆಯೆಂಬ ವಿಷಯದಡಿ ಕುಳಿತುಕೊಳ್ಳಬಹುದು. ಕಲೆಯ ಇತಿಹಾಸ ಅದರಲ್ಲಿ ಸೇರಿದೆ. ಹಳೆಯ ಕೃತಿಗಳ ದುರಸ್ತಿ ಮತ್ತು ರಕ್ಷಣೆಯ ಕೆಲಸಕ್ಕೆ ಪ್ರತ್ಯೇಕ ಶಿಕ್ಷಣ ಬೇಕು. ಅಲ್ಲಿ ವಿಜ್ಞಾನದ ಪದವಿ ನೆರವಾಗುತ್ತದೆ. ಹುದ್ದೆಗಳು ಹೇರಳವಾಗಿಲ್ಲ. ಪದವಿ ಕೈಗೆ ಬಂದೊಡನೆ ಕೆಲಸ ಮನೆಬಾಗಿಲಿಗೆ ಬರುವುದೆಂದು ನಂಬಿಸುವವರನ್ನು ದೂರವಿಡುವುದೇ ಮೇಲು.

ಆ ರಾತ್ರಿ ಮನೆಯಲ್ಲಿ ಒಂದು ಒಪ್ಪಂದವಾಯಿತು. ಆ ವರ್ಷ ಅರ್ಜಿ ಹಾಕುವುದಿಲ್ಲ. ಒಂದು ವರ್ಷ ಹಳಗನ್ನಡದ ಲಿಪಿಯನ್ನೂ ಸಂಸ್ಕೃತದ ಪ್ರಾಥಮಿಕ ಪಾಠಗಳನ್ನೂ ಕಲಿಯುವುದು. ತಿಂಗಳಿಗೆ ಒಂದು ದೇವಾಲಯವನ್ನಾದರೂ ನೋಡಿ ನಾಲ್ಕು ಪುಟ ಬರೆಯುವುದು. ವರ್ಷದ ಕೊನೆಗೂ ಆಸೆ ಉಳಿದಿದ್ದರೆ ತಂದೆ ತಡೆಯುವುದಿಲ್ಲ. ಬಾಡಿದರೆ ಬೇರೆ ವಿದ್ಯೆಗಳಿವೆ. ಯಾರೂ ಯಾರನ್ನೂ ಹಂಗಿಸುವಂತಿಲ್ಲ.

“ಲಿಪಿ ಕಲಿಯಲು ನಾನೂ ಕೂತರೆ ಆದೀತೇ?” ಎಂದು ತಂದೆ ಕೇಳಿದರು. ಮಗಳು ನಕ್ಕಳು. ಅಡಿಗೆಮನೆಯ ದೀಪ ಆರಿಸಿ ಹೊರಗೆ ಬಂದ ತಾಯಿ, “ಮನೆಯಲ್ಲಿ ಇಬ್ಬರು ವಿದ್ಯಾರ್ಥಿಗಳಾದರು, ಸಾಕು” ಎಂದರು. ಆದರೆ ಮರುದಿನ ಪೇಟೆಯಿಂದ ಬರುವಾಗ ಅವರ ಕೈಯಲ್ಲಿ ಮೂರು ನೋಟುಪುಸ್ತಕಗಳಿದ್ದವು.