ಬೋಳುತಲೆ ಮತ್ತು ಗೇಣಿಯ ಕೂದಲು

ತಲೆಯ ಕೂದಲು ಉದುರುವದು ಪ್ರಾಣಾಪಾಯದ ರೋಗವೇನೂ ಅಲ್ಲ. ಆದುದರಿಂದ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇದಕ್ಕೆ ಎರಡು ಪುಟ ಕೊಡುವದು ಹಾಸ್ಯಾಸ್ಪದವೆಂದು ಕೆಲವರಿಗೆ ತೋರಬಹುದು. ಆದರೆ ಭಟ್ಕಳದಿಂದ ಹೊನ್ನಾವರಕ್ಕೆ, ಹೊನ್ನಾವರದಿಂದ ಕುಮಟೆಗೆ ದಿನವೂ ಬಸ್ಸಿನಲ್ಲಿ ಓಡಾಡುವ ನಮ್ಮ ಗೆಳೆಯರ ಮಾತಿಗೆ ಕಿವಿಗೊಟ್ಟವರು ಹಾಗೆನ್ನಲಾರರು. ಇಪ್ಪತ್ತೆರಡು ತುಂಬುವ ಮೊದಲೇ ಹಣೆ ಮೇಲೇರತೊಡಗಿದ ಹುಡುಗನು ಗುಂಪಿನ ಫೋಟೋದಲ್ಲಿ ಹಿಂದಿನ ಸಾಲು ಹುಡುಕುತ್ತಾನೆ. ವಿದ್ಯಾರ್ಥಿವೇತನ ಬಂದ ವಾರವೇ ಅದರ ಅರ್ಧವನ್ನು ಎಣ್ಣೆಗೂ ಸೀರಮ್ಮಿಗೂ ಸುರಿಯುತ್ತಾನೆ. ಸುರಿಯುವ ಮೊದಲು ಯಾವುದರಿಂದ ಏನಾಗುವದು, ಏನಾಗದು ಎಂಬುದನ್ನು ತೂಗಿ ನೋಡಬೇಕೆಂಬುದೇ ನನ್ನ ವಾದ.

ಮೊದಲು ಕಾರಣ. ನಮ್ಮಲ್ಲಿ ಕೆಲವರು ಬಾವಿಯ ಉಪ್ಪುನೀರನ್ನು ದೂರುತ್ತಾರೆ, ಕೆಲವರು ಹೆಲ್ಮೆಟ್ಟನ್ನು; ಗಲ್ಫಿನಿಂದ ರಜೆಗೆ ಬಂದವರು ಅಲ್ಲಿ ಸಮುದ್ರದಿಂದ ಸಿಹಿಮಾಡಿ ಕೊಡುವ ನೀರನ್ನು ದೂರುತ್ತಾರೆ. ಗಂಡಸರ ಬೋಳುತಲೆಗೆ ಇವು ಕಾರಣಗಳಲ್ಲ. ಹರೆಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡವರ ತಲೆ ಬೋಳಾಗುವದಿಲ್ಲವೆಂದು ಅಮೇರಿಕೆಯ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿಕೊಟ್ಟನು. ಗಂಡಸಿನ ಮೈಯಲ್ಲಿರುವ ಟೆಸ್ಟೊಸ್ಟಿರೋನ್ ಎಂಬ ಹಾರ್ಮೋನು ಡಿ.ಎಚ್.ಟಿ. ಎಂಬ ಇನ್ನೊಂದು ರೂಪಕ್ಕೆ ತಿರುಗುವದು. ತಾಯಿಯ ಕಡೆಯಿಂದಲೋ ತಂದೆಯ ಕಡೆಯಿಂದಲೋ ಬಂದ ಗುಣದಿಂದಾಗಿ ಕೆಲವರ ಕೂದಲಿನ ಬುಡಗಳು ಇದನ್ನು ತಾಳಲಾರದೆ ವರುಷದಿಂದ ವರುಷಕ್ಕೆ ಸಣ್ಣದಾಗುತ್ತ ಹೋಗುವವು.

ಹಾಗಾದರೆ ದಾಸವಾಳದ ಸೊಪ್ಪು, ಗರುಗ, ಒಂದೆಲಗಗಳನ್ನು ತೆಂಗಿನೆಣ್ಣೆಯಲ್ಲಿ ಕುದಿಸಿ ಹಚ್ಚಿ ಗುಣ ಕಂಡವರು ಸುಳ್ಳು ಹೇಳುತ್ತಾರೆಯೇ? ಹಾಗಲ್ಲ. ಟೈಫಾಯ್ಡ್, ಡೆಂಗಿ ಮುಂತಾದ ದೊಡ್ಡ ಜ್ವರ ಬಂದುಹೋದ ಎರಡು ಮೂರು ತಿಂಗಳಿಗೆ ತಲೆತುಂಬ ಕೂದಲು ಉದುರುವದುಂಟು. ಅದು ಬಹುಮಟ್ಟಿಗೆ ತಾನಾಗಿಯೇ ಮರಳುವದು. ಆ ಹೊತ್ತಿಗೆ ಯಾವ ಎಣ್ಣೆ ಹಚ್ಚಿದ್ದೆವೋ ಕೀರ್ತಿ ಅದಕ್ಕೆ ಹೋಗುವದು. ಅಜ್ಜಿಯ ಎಣ್ಣೆಯಿಂದ ಕೂದಲು ನುಣುಪಾಗುವದು, ಕಡಿಯುವದು ತಪ್ಪುವದು. ಅಷ್ಟು ಲಾಭವೂ ಸಣ್ಣದಲ್ಲ. ಆದರೆ ಡಿ.ಎಚ್.ಟಿ.ಗೆ ಸೋತ ಬುಡವನ್ನು ಅದು ಮೇಲೆತ್ತಿದ್ದಕ್ಕೆ ಆಧಾರವಿಲ್ಲ.

ಆಧಾರವುಳ್ಳ ಔಷಧಗಳು ಮುಖ್ಯವಾಗಿ ಎರಡು. ಮೊದಲನೆಯದು ಮಿನಾಕ್ಸಿಡಿಲ್. ಇದು ಮೂಲತಃ ರಕ್ತದೊತ್ತಡದ ಗುಳಿಗೆ. ನುಂಗಿದವರ ಮೈಮೇಲೆಲ್ಲ ರೋಮ ಬೆಳೆಯಿತು. ಅದನ್ನು ಕಂಡ ವೈದ್ಯರು ದ್ರವಮಾಡಿ ತಲೆಗೆ ಹಚ್ಚಿ ನೋಡಿದರು. ಅಮೇರಿಕೆಯಲ್ಲಿ ಇದಕ್ಕೆ 1988ರಲ್ಲಿ ಒಪ್ಪಿಗೆ ಸಿಕ್ಕಿತು. ದಿನಕ್ಕೆ ಎರಡು ಸಲ ಹಚ್ಚಬೇಕು; ಮೊದಲ ವಾರಗಳಲ್ಲಿ ಉದುರುವದು ಹೆಚ್ಚಾಗಿ ಎದೆ ಒಡೆದಂತಾಗುವದು; ಫಲ ಕಾಣಲು ನಾಲ್ಕು ತಿಂಗಳಾದರೂ ಬೇಕು. ನೆತ್ತಿಯ ಮೇಲೆ ಇದರ ಗುಣ ಚೆನ್ನಾಗಿ ಪರೀಕ್ಷೆಗೊಂಡಿದೆ. ಕೆಲವರಿಗೆ ತುರಿಕೆ ಬರುವದು.

ಎರಡನೆಯದು ಫಿನಾಸ್ಟರೈಡ್ ಎಂಬ ಗುಳಿಗೆ. ಪ್ರಾಸ್ಟೇಟ್ ಗ್ರಂಥಿಯ ಬಾವಿಗೆ 1992ರಲ್ಲಿ ಬಂದ ಈ ಔಷಧವು, ದಿನಕ್ಕೆ 1 ಮಿಲಿಗ್ರಾಮಿನ ಅಳತೆಯಲ್ಲಿ ಕೂದಲಿಗೆಂದು 1997ರಲ್ಲಿ ಒಪ್ಪಿಗೆ ಪಡೆಯಿತು. ಇದು ಡಿ.ಎಚ್.ಟಿ. ಹುಟ್ಟುವದನ್ನೇ ತಡೆಯುವದು. ಎರಡು ವರುಷದ ಪರೀಕ್ಷೆಯಲ್ಲಿ ಗುಳಿಗೆ ತಿಂದವರಲ್ಲಿ ನೂರಕ್ಕೆ 83 ಜನ ಇದ್ದ ಕೂದಲನ್ನು ಉಳಿಸಿಕೊಂಡರು. ಬರಿಯ ಹುಸಿಗುಳಿಗೆ ತಿಂದವರಲ್ಲಿ 28 ಜನ ಮಾತ್ರ. 2004ರಲ್ಲಿ ಪ್ರಕಟವಾದ, 65 ಗಂಡಸರ ಒಂದು ಸಣ್ಣ ಪರೀಕ್ಷೆಯಲ್ಲಿ ಎರಡು ಔಷಧಗಳನ್ನೂ ಎದುರುಬದುರು ಇಟ್ಟು ನೋಡಿದಾಗ ಗುಳಿಗೆಯಿಂದ ನೂರಕ್ಕೆ 80, ಹಚ್ಚುವ ದ್ರವದಿಂದ ನೂರಕ್ಕೆ 52 ಜನರಿಗೆ ಕೂದಲು ದಟ್ಟವಾಯಿತು.

ಗುಳಿಗೆಯೇ ಗೆದ್ದಿತೆಂದು ಕುಣಿಯುವ ಮೊದಲು ಮುಂದಿನ ಮಾತು ಕೇಳಿರಿ. ಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು 4 ಜನರಿಗೆ ಕಾಮಶಕ್ತಿಯ ಕುಂದು ತೋರಿತು. ಹುಸಿಗುಳಿಗೆಯವರಲ್ಲಿ ಅದು ಸುಮಾರು 2. ಬಹುಮಂದಿಗೆ ಬಿಟ್ಟ ಮೇಲೆ ಸರಿಹೋಗುವದು, ಕೆಲವರು ಆಮೇಲೂ ಉಳಿಯಿತೆನ್ನುತ್ತಾರೆ. ಆತ್ಮಹತ್ಯೆಯ ಯೋಚನೆ ಬರುವದೂ ಇದರ ಅಡ್ಡಪರಿಣಾಮಗಳಲ್ಲೊಂದೆಂದು ಯುರೋಪಿನ ಔಷಧ ಸಂಸ್ಥೆಯು 2025ರಲ್ಲಿ ದೃಢಪಡಿಸಿತು. ಮೊದಲೇ ಬೋಳುತಲೆಯಿಂದ ಮನಸ್ಸು ಕುಗ್ಗಿದ ಹುಡುಗನು ವೈದ್ಯರನ್ನು ಕಾಣದೆ, ಗೆಳೆಯನ ಮಾತು ಕೇಳಿ ಮೊಬೈಲಿನಲ್ಲಿ ಈ ಗುಳಿಗೆ ತರಿಸಿಕೊಳ್ಳುವದು ನನಗೆ ಭಯದ ಸಂಗತಿಯಾಗಿ ಕಾಣುತ್ತದೆ.

ಮೂರನೆಯ ದಾರಿ ಕೂದಲಿನ ನಾಟಿ. ಹಿಂದಲೆಯ ಕೂದಲನ್ನು ಎಲ್ಲಿ ನೆಟ್ಟರೂ ಅದು ತನ್ನ ಗುಣ ಬಿಡದೆಂದು ನ್ಯೂಯಾರ್ಕಿನ ಡಾ. ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಬರೆದರು. ಇದು ಸಸಿಮಡಿಯಿಂದ ಅಗೆ ಕಿತ್ತು ಗದ್ದೆಗೆ ನೆಟ್ಟಂತೆ. ಆದರೆ ಮಡಿಯಲ್ಲಿದ್ದಷ್ಟೇ ಅಗೆ. ಹೊಸ ಕೂದಲು ಹುಟ್ಟುವದಿಲ್ಲ. ನೆಟ್ಟದ್ದರ ಸುತ್ತಲಿನ ಹಳೆಯ ಕೂದಲು ಉದುರುತ್ತಲೇ ಇರುವದರಿಂದ ಔಷಧದ ಹಂಗೂ ತಪ್ಪದು. ಯೂಟ್ಯೂಬ್ ನೋಡಿ ಕಲಿತ ವಿದ್ಯೆಯು ಈ ಶಸ್ತ್ರಕ್ರಿಯೆಗೆ ಸಾಲದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಸಾರಬೇಕಾಯಿತೆಂದರೆ ಪರಿಸ್ಥಿತಿಯನ್ನು ಊಹಿಸಿಕೊಳ್ಳಿರಿ.

ಎರಡು ಔಷಧಗಳಿಗೂ ಸಮಾನವಾದ ಗುಣವೊಂದಿದೆ. ಜಾಹೀರಾತುಗಳು ಅದನ್ನು ಹೇಳುವದಿಲ್ಲ. ಬಿಟ್ಟರೆ ಒಂದು ವರುಷದೊಳಗೆ ಗಳಿಸಿದ್ದೆಲ್ಲ ಹೋಗುವದು. ಅಂದರೆ ಔಷಧದ ಕೂದಲು ಗೇಣಿಯ ಗದ್ದೆ. ಗೇಣಿ ಸಲ್ಲಿಸುವವರೆಗೆ ಬೆಳೆ ನಿಮ್ಮದು, ನಿಲ್ಲಿಸಿದೊಡನೆ ಒಡೆಯನದು. 1974ರ ಭೂಸುಧಾರಣೆಯಲ್ಲಿ ನಮ್ಮ ಜಿಲ್ಲೆಯ ಗೇಣಿದಾರರು ಡಿಕ್ಲರೇಶನ್ ಕೊಟ್ಟು ಒಡೆಯರಾದರು. ತಲೆಯ ಮೇಲಿನ ಗದ್ದೆಗೆ ಅಂಥ ಕಾನೂನು ಬಂದಿಲ್ಲ. ಆದುದರಿಂದ ‘ಯಾವ ಔಷಧ ಮೇಲು?’ ಎಂಬ ಪ್ರಶ್ನೆಗಿಂತ ಮೊದಲು ‘ಇಪ್ಪತ್ತು ವರುಷ ಇದರ ಗೇಣಿ ಕಟ್ಟಬಲ್ಲೆನೇ?’ ಎಂದು ಕೇಳಿಕೊಳ್ಳಬೇಕು. ಕಟ್ಟಬಲ್ಲವನು ಚರ್ಮವೈದ್ಯರ ಸಲಹೆ ಪಡೆದು, ಕೂದಲು ಇರುವಾಗಲೇ ತೊಡಗಲಿ. ಇದ್ದುದನ್ನು ಉಳಿಸುವದು ಹೋದುದನ್ನು ತರುವದಕ್ಕಿಂತ ಸುಲಭ. ಕಟ್ಟಲಾರದವನು ತೊಡಗದಿರುವದೂ ಬುದ್ಧಿವಂತಿಕೆಯೇ. ‘ಮೂರು ತಿಂಗಳಲ್ಲಿ ಶಾಶ್ವತ ಗುಣ’ ಎಂಬ ಸೀಸೆಯನ್ನಂತೂ ಇಬ್ಬರೂ ಮುಟ್ಟದಿರಲಿ. ಬೋಳುತಲೆ ಗುಣಪಡಿಸುವೆನೆಂದು ಔಷಧವು ಹೇಳಿಕೊಳ್ಳಬಾರದೆಂದು 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯೇ ಹೇಳುತ್ತದೆ.

ಇನ್ನು ಸಮಾಜಕ್ಕೆ ಒಂದು ಮಾತು. 2017ರಲ್ಲಿ ಬಂದ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ ಚಿತ್ರದ ನಾಯಕನು ಮಂಗಳೂರಿನ ಕನ್ನಡ ಉಪನ್ಯಾಸಕ. ಬೋಳುತಲೆಯಿಂದಾಗಿ ಅವನಿಗೆ ಹೆಣ್ಣು ಸಿಗುವದು ಕಷ್ಟವಾಗುತ್ತದೆ. ನಾವೆಲ್ಲ ನಕ್ಕೆವು, ನಕ್ಕು ಮನೆಗೆ ಬಂದು ಪಕ್ಕದ ಮನೆಯ ಹುಡುಗನನ್ನು ‘ಏನೋ, ತಲೆಯೆಲ್ಲ ಬಯಲಾಯಿತಲ್ಲೋ’ ಎಂದು ಕೇಳುವದನ್ನು ಬಿಡಲಿಲ್ಲ. ಆ ಮಾತಿಗೆ ಅಡ್ಡಪರಿಣಾಮವಿಲ್ಲವೆಂದು ಯಾರೂ ತಿಳಿಯಬಾರದು. ಅದನ್ನು ಬಿಟ್ಟುಬಿಡುವದಕ್ಕೆ ವೈದ್ಯರ ಚೀಟಿ ಬೇಡ, ಹಣವೂ ಬೇಡ.