ಮೊದಲ ಗುಂಡಿಯ ಲೆಕ್ಕ ಕೊಡಿ

ಪುಣೆಯ ಕೋಥರೂಡಿನ ಕಡೆಯಿಂದ ವೇತಾಳ ಟೇಕಡಿ ಎಂಬ ಗುಡ್ಡ ಹತ್ತಿದವರಿಗೆ ಮೇಲಿನ ಕಲ್ಲಿನ ಖಾಣಿ ಗೊತ್ತು. ಅಲ್ಲಿ ಕಲ್ಲು ಒಡೆಯುವುದು ನಿಂತು ಎಷ್ಟೋ ವರ್ಷಗಳಾದವು. ನೆಟ್ಟಗೆ ಕಡಿದ ಕಪ್ಪು ಗೋಡೆ, ಬುಡದಲ್ಲಿ ಹಸಿರುಗಟ್ಟಿದ ನೀರು, ಬೆಳಗಿನ ಹೊತ್ತು ದುರ್ಬೀನು ಹಿಡಿದು ಉಸಿರು ಬಿಗಿಹಿಡಿದು ಕೂತ ಹಕ್ಕಿಪ್ರಿಯರು. ಒಡೆದವರು ಕೆರೆಯಾಗಲಿ ಎಂದು ಒಡೆದಿರಲಿಲ್ಲ. ನಗರ ಆ ಗುಡ್ಡವನ್ನು ಅಷ್ಟಕ್ಕೇ ಬಿಟ್ಟಿತು, ಮಳೆ ಬಂದು ಗುಂಡಿ ತುಂಬಿತು. ನಮ್ಮ ಅದೃಷ್ಟ.

ಗುಡ್ಡದ ಕೆಳಗೆ, ಪೌಡ ರಸ್ತೆಯ ವನಾಝ್ ಬಳಿ, ಇನ್ನೊಂದು ಜಾಗವಿದೆ. ಈಗ ಅದು ಮೆಟ್ರೋ ಡಿಪೋ. 2022ರ ಮಾರ್ಚ್ 6ರಂದು ವನಾಝ್‌ನಿಂದ ಗರವಾರೆ ಕಾಲೇಜಿನವರೆಗೆ ಮೊದಲ ಗಾಡಿ ಓಡಿತು. ಹಳಬರ ಬಾಯಲ್ಲಿ ಮಾತ್ರ ಅದು ಇನ್ನೂ ‘ಕಚರಾ ಡೆಪೋ’. ಒಂದು ಕಾಲಕ್ಕೆ ಪುಣೆಯ ಕಸವೆಲ್ಲ ಬೀಳುತ್ತಿದ್ದುದು ಅಲ್ಲಿಯೇ. ಕೋಥರೂಡಿನಲ್ಲಿ ಮನೆಗಳು ಹೆಚ್ಚಾದಂತೆ ಆ ಕಸ ಊರಾಚೆಯ ಉರುಳಿ ದೇವಾಚಿ ಹಳ್ಳಿಯ ದಾರಿ ಹಿಡಿಯಿತು. ಉರುಳಿ ಮತ್ತು ಫುರಸುಂಗಿಯ ಬಾವಿಗಳ ನೀರು ಕೆಟ್ಟಿತು. ನಮ್ಮ ನೆಲ ಚೊಕ್ಕಟವಾದದ್ದು ಹಳ್ಳಿಯವರ ನೀರಿನ ಬೆಲೆಗೆ. ಇದನ್ನು ಕೋಥರೂಡಿನಲ್ಲಿ ಮನೆ ಮಾಡಿಕೊಂಡ ನಾವು ಮರೆಯಬಾರದು.

ಈ ಎರಡು ಜಾಗಗಳನ್ನು ನೆನೆದದ್ದಕ್ಕೆ ಕಾರಣವಿದೆ. ನಮ್ಮ ಗೋಡೆ, ನಮ್ಮ ಛಾವಣಿ, ಮೆಟ್ರೋದ ಕಂಬ, ಚಾಂದಣಿ ಚೌಕದ ಹೊಸ ಸೇತುವೆ, ಇಷ್ಟಕ್ಕೂ ಬೇಕಾದ ಖಡಿ (ಜಲ್ಲಿ), ಮುರಮು ಬರುವುದು ಊರಾಚೆಯ ಗುಂಡಿಗಳಿಂದ. ವಾಘೋಲಿ, ಮೋಶಿಯ ಕಡೆ ಹೋಗಿ ನೋಡಿ. ಅಲ್ಲಿ ದುಡಿಯುವವರಲ್ಲಿ ವಡ್ಡರ ಸಮುದಾಯದವರು ಬಹಳ. ಕಲಬುರಗಿ, ವಿಜಯಪುರದ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಖಡಿ ಬೇಡ ಎನ್ನುವ ಹಕ್ಕು ನಮಗಿಲ್ಲ. ಮನೆ ಕಟ್ಟುವ ಊರಿಗೆ ಖಾಣಿ ಬೇಕೇ ಬೇಕು, ಇದ್ದ ಖಾಣಿ ಬರಿದಾದರೆ ಪಕ್ಕದ ಎಕರೆಗೆ ಅರ್ಜಿಯೂ ಬರುತ್ತದೆ. ನಾವು ಕೇಳುವುದು ಒಂದೇ: ಎರಡನೇ ಗುಂಡಿಯ ಅರ್ಜಿಯನ್ನು ಮೊದಲನೇ ಗುಂಡಿಯೊಳಗೆ ನಿಂತು ಓದಿ.

ಕಾನೂನು ಕುರುಡಾಗಿಲ್ಲ. 1961ರ ಲೋಹಗಣಿ ನಿಯಮಾವಳಿಯಲ್ಲಿ ನಮ್ಮ ‘ಮುರಮು’ ಎಂಬ ಮಾತೇ ಇದೆ. ಮುರಮು, ಗರಸು, ಜೇಡಿಯಂಥ ಸಡಿಲ ನೆಲ ಅಗೆಯುವಾಗ ಬದಿಯ ಇಳಿಜಾರು 45 ಡಿಗ್ರಿ ಮೀರಬಾರದು. ಇಲ್ಲವೇ ಮೆಟ್ಟಿಲು ಮೆಟ್ಟಿಲಾಗಿ ಅಗೆಯಬೇಕು, ಒಂದು ಮೆಟ್ಟಿಲು ಒಂದೂವರೆ ಮೀಟರಿಗಿಂತ ಎತ್ತರ ಇರಬಾರದು, ಅಗಲ ಎತ್ತರಕ್ಕಿಂತ ಕಡಿಮೆ ಆಗಬಾರದು. ಒಂದೂವರೆ ಮೀಟರ್ ಅಂದರೆ ಆಳೆತ್ತರಕ್ಕಿಂತ ಕಡಿಮೆ. ಬದಿ ಕುಸಿದರೂ ನಿಂತ ಮನುಷ್ಯ ಪೂರ್ತಿ ಹೂತುಹೋಗುವ ಸಂಭವ ಕಡಿಮೆ, ಆಡು ಜಾರಿ ಬಿದ್ದರೂ ಹತ್ತಿ ಬರುತ್ತದೆ. ನಮ್ಮ ಹಳ್ಳಿಗಳ ಮುರಮಿನ ಗುಂಡಿಗಳಲ್ಲಿ ಈ ಮೆಟ್ಟಿಲನ್ನು ಕಂಡವರೆಷ್ಟು? ಜೆಸಿಬಿಯ ತೋಳು ಎಷ್ಟು ಎತ್ತರ ನಿಲುಕುವುದೋ ಅಷ್ಟೆತ್ತರಕ್ಕೆ ಕೊರೆದ ಗೋಡೆ, ಮೇಲಂಚಿನಲ್ಲಿ ಬೇರು ಬಿಟ್ಟುಕೊಂಡು ಜೋತುಬಿದ್ದ ಬೇವಿನ ಮರ, ಕೆಳಗೆ ಮಳೆಗಾಲದ ಕೆಂಪು ನೀರು. ಆಳ ಎಷ್ಟೆಂದು ಗೊತ್ತಿಲ್ಲದ ಆ ನೀರಿಗೆ ಹುಡುಗರು ಈಜಲು ಇಳಿಯುತ್ತಾರೆ.

ಐದು ಹೆಕ್ಟೇರಿನೊಳಗಿನ ಗುತ್ತಿಗೆಗೆ ಪರಿಸರ ಅನುಮತಿ ಬೇಡ ಎಂಬ ಸಂದಿನಲ್ಲಿ ದೊಡ್ಡ ಗಣಿಗಳು ಚೂರು ಚೂರಾಗಿ ನುಸುಳುತ್ತಿದ್ದವು. ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರ ಫೆಬ್ರವರಿ 27ರಂದು ಆ ಸಂದನ್ನು ಮುಚ್ಚಿತು. 2020ರ ಜನವರಿ 8ರಂದು ಅದೇ ಕೋರ್ಟು, ಗಣಿಗಾರಿಕೆ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವಿಗೂ ಗಿಡಮರಕ್ಕೂ ಅದು ತಕ್ಕದ್ದಾಗಬೇಕು ಎಂದು ಹೇಳಿತು. ದನ ಮೇಯಿಸುವವನ ಕಷ್ಟ ಅರಿತ ಆದೇಶ ಅದು.

ಹುಲ್ಲು ಬರಬೇಕಾದರೆ ಮೇಲ್ಮಣ್ಣು ಬೇಕು. ಮೊದಲ ದಿನ ಕೆರೆದು ತೆಗೆದ ಗೇಣು ಕಪ್ಪು ಮಣ್ಣನ್ನು ಬೇರೆ ಗುಡ್ಡೆ ಹಾಕಿ, ಮಳೆಗೆ ಕೊಚ್ಚಿಹೋಗದಂತೆ ಅದರ ಮೇಲೆ ಹುರುಳಿಯೋ ಸೆಣಬೋ ಚೆಲ್ಲಿ ಕಾದಿಟ್ಟರೆ ಮಾತ್ರ ಕೊನೆಗೆ ಹಾಸಲು ಏನಾದರೂ ಉಳಿಯುತ್ತದೆ. ಅದನ್ನು ಲಾರಿಗೆ ತುಂಬಿ ಯಾರದೋ ತೋಟಕ್ಕೆ ಮಾರಿದ ಮೇಲೆ ಹತ್ತು ವರ್ಷ ಬಿಟ್ಟು ‘ಪುನಶ್ಚೇತನ’ ಎಂದರೆ ಖಡಿಯ ಮೇಲೆ ಸಸಿ ನೆಟ್ಟು ಫೋಟೋ ತೆಗೆಸಿಕೊಂಡಂತೆ. ಗುಂಡಿ ಮುಚ್ಚುವ ಕೆಲಸ ಅಗೆಯುವ ಮೊದಲ ದಿನವೇ ಶುರುವಾಗಬೇಕು. ಒಂದು ಬದಿ ಅಗೆಯುತ್ತ ಹೋದಂತೆ ಇನ್ನೊಂದು ಬದಿ ಇಳಿಜಾರಾಗಿ, ಮಣ್ಣು ಕಂಡು, ಹುಲ್ಲು ಹಿಡಿಯುತ್ತ ಬರಬೇಕು.

ಹಾಗೆ ಮಾಡದೆ ಬಿಟ್ಟ ಗುಂಡಿಯ ಮೇಲೆ ಕಣ್ಣು ಬೀಳುವುದು ಕಸದ ಲಾರಿಯದು. ಬೆಂಗಳೂರಿನ ಉತ್ತರಕ್ಕಿರುವ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಖಾಲಿ ಕ್ವಾರಿಗಳಿಗೆ ಆದದ್ದು ಅದೇ. ಕಲ್ಲು ನಗರಕ್ಕೆ ಹೋಯಿತು, ನಗರದ ಕಸ ಅದೇ ಗುಂಡಿಗೆ ಬಂತು. ಆದ್ದರಿಂದ ವಿಸ್ತರಣೆಯ ಕಾಗದದಲ್ಲಿ ಗುಂಡಿ ಕೊನೆಗೆ ಏನಾಗುತ್ತದೆ ಎಂಬುದು ಗ್ರಾಮಸಭೆಯಲ್ಲಿ ಓದಿ ಹೇಳುವಷ್ಟು ಸ್ಪಷ್ಟವಾಗಿರಲಿ: ಗೋಮಾಳವೋ, ಕೃಷಿಹೊಂಡವೋ, ಹೊಲವೋ. ಕಸ ಹಾಕುವುದಿಲ್ಲ ಎಂಬ ಮಾತೂ ಬರೆದಿರಲಿ. ಮುಚ್ಚುವ ಖರ್ಚಿನ ಠೇವಣಿ ಅಗೆಯುವ ಮೊದಲೇ ಕಟ್ಟಿಸಿಕೊಳ್ಳಲಿ. ಖಾಣಿ ಬರಿದಾದ ಮೇಲೆ ಗುತ್ತಿಗೆದಾರನನ್ನು ಹುಡುಕಿಕೊಂಡು ಹೋಗುವವರು ಯಾರು?

ಮುಂದಿನ ಅರ್ಜಿ ಬಂದಾಗ ಗಣಿ ಇಲಾಖೆಯ ಅಧಿಕಾರಿ ನಕಾಶೆ ಬಿಚ್ಚುವ ಮೊದಲು ಹಳೆಯ ಗುಂಡಿಗೆ ಇಳಿಯಲಿ. ಜೊತೆಗೆ ಊರಿನ ಇಬ್ಬರು ಹೆಂಗಸರು, ಒಬ್ಬ ಕುರಿಗಾಹಿ, ಒಂದು ಟೇಪು ಇರಲಿ. ಮೆಟ್ಟಿಲು ಅಳೆಯಲಿ, ಮೇಲ್ಮಣ್ಣಿನ ಗುಡ್ಡೆ ಎಲ್ಲಿದೆ ಎಂದು ಕೇಳಲಿ. ತೋರಿಸಲು ಗುಡ್ಡೆ ಇಲ್ಲದಿದ್ದರೆ ಅರ್ಜಿಯನ್ನು ಅಲ್ಲಿಯೇ ಮಡಚಿ ಹಿಂದಿರುಗಿಸಲಿ.